ಸ್ಟಿಯರಿಂಗ್ ಬೋಲ್ಟಿನ ಮೇಲಿನ ಕುಂಕುಮ

ಹನ್ನೊಂದು ವರ್ಷದಿಂದ ನನ್ನ ಕೆಲಸ ಗೆರೆ ಎಳೆಯುವುದು. ಎಲ್ಕ್ ಗ್ರೋವ್ ವಿಲೇಜಿನ ಒಂದು ಕಾರ್ಖಾನೆಯಲ್ಲಿ ಲಾರಿಗಳ ಬ್ರೇಕಿನ ಭಾಗಗಳನ್ನು ಪರೀಕ್ಷಿಸುವವಳು ನಾನು. ಬೋಲ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ಹೊಂದಿಸಿಟ್ಟ ಟಾರ್ಕ್ ವ್ರೆಂಚ್ ಹಾಕಿ ತಿರುಗಿಸಿದರೆ, ಸರಿಯಾದ ಬಿಗಿಗೆ ಬಂದೊಡನೆ ಅದು ಕಟಕ್ ಎನ್ನುತ್ತದೆ. ಕಟಕ್ ಎಂದ ಮೇಲೆ ಕೆಂಪು ಪೇಂಟಿನ ಪೆನ್ನಿನಿಂದ ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಒಂದು ಗೆರೆ ಎಳೆಯಬೇಕು. ಮುಂದೆಂದಾದರೂ ನಟ್ಟು ಸಡಿಲಾಗಿ ತಿರುಗಿದರೆ ಗೆರೆ ಮುರಿದು ಎರಡಾಗಿ ಕಾಣುತ್ತದೆ. ಗೆರೆ ಕೂಡಿಕೊಂಡಿದ್ದರೆ ಬೋಲ್ಟು ಬಿಗಿಯಾಗಿದೆ, ಮುಂದಕ್ಕೆ ಹೋಗು ಎಂದರ್ಥ. ಗೆರೆಯೇ ಇಲ್ಲದಿದ್ದರೆ ಆ ಬೋಲ್ಟನ್ನು ಇನ್ನೂ ಯಾರೂ ಬಿಗಿದಿಲ್ಲ ಎಂದರ್ಥ.

ಜಂಬ ಎಂದುಕೊಳ್ಳಬೇಡಿ, ನನ್ನ ಗೆರೆಯನ್ನು ನಮ್ಮ ಕಾರ್ಖಾನೆಯಲ್ಲಿ ಯಾರು ಬೇಕಾದರೂ ಗುರುತಿಸುತ್ತಾರೆ. ಬೇರೆಯವರು ಗೀಚುತ್ತಾರೆ, ನಾನು ಎಳೆಯುತ್ತೇನೆ. ಅಕ್ಕಿಕಾಳಿನಷ್ಟು ದಪ್ಪ, ಎರಡು ಕಾಳಿನಷ್ಟು ಉದ್ದ, ನೇರ. ಮಧ್ಯಾಹ್ನದ ಮೇಲೆ ಮನಸ್ಸು ಸಾಯಂಕಾಲದ ಹುಳಿಗೆ ಯಾವ ತರಕಾರಿ ಎಂದು ಯೋಚಿಸುತ್ತಿದ್ದರೂ ಕೈ ತನ್ನ ಪಾಡಿಗೆ ಎಳೆಯುತ್ತಿರುತ್ತದೆ. ಮೊದಮೊದಲು ನನಗೆ ಇದು ಹೆಮ್ಮೆಯ ವಿಷಯವಾಗಿತ್ತು. ಈಗ ಆ ಕೈಯನ್ನು ಕಂಡರೆ ಭಯ.

ಗಂಡನನ್ನು ನಾನು ಹೆಸರು ಹಿಡಿದು ಕರೆದವಳಲ್ಲ. ಇಲ್ಲಿಯೂ ‘ಇವರು’ ಎಂದೇ ಬರೆಯುತ್ತೇನೆ. ನಾವು ಈಗಿರುವ ಲಿಸ್ಲ್ ಎಂಬ ಊರಿಗೆ ಬರುವ ಮುಂಚೆ ಇವರು ಮಿಶಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ, ಕಾರು ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕಡೆ ಎಂಜಿನಿಯರ್ ಆಗಿದ್ದರು. ಹನ್ನೆರಡು ವರ್ಷ ಬಾಗಿಲಿನ ಕೀಲು ಮಾಡಿದರು. ಬರೀ ಕೀಲು. ಬೇರೆ ಕಾರಿನ ಬಾಗಿಲು ತೆಗೆದರೂ ಎರಡು ಸಲ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಒಳಗೆ ಕೂರುವ ಮನುಷ್ಯ. ಮದುವೆಮನೆಗೆ ಹೋಗುವ ಆತುರದಲ್ಲಿ ನಾವು ರೇಷ್ಮೆ ಸೀರೆ ಉಟ್ಟು ಬಿಸಿಲಲ್ಲಿ ಬೇಯುತ್ತಿದ್ದರೂ ಈ ಪರೀಕ್ಷೆ ತಪ್ಪಿದ್ದಲ್ಲ. ಇಲ್ಲಿಗೆ ಬಂದ ಮೇಲೆ ಕೀಲೂ ಹೋಯಿತು, ಆಫೀಸಿನಲ್ಲಿ ಸ್ಪ್ರೆಡ್‌ಶೀಟುಗಳಷ್ಟೇ ಉಳಿದವು.

“ಅಷ್ಟು ವರ್ಷ ಕಾರಿನ ಕೆಲಸ ಮಾಡಿದೆ, ಒಂದು ಪೂರ್ತಿ ಕಾರು ಮಾಡಲಿಲ್ಲ ಕಣೇ,” ಎಂದು ಇವರು ಆಗಾಗ ಹೇಳುತ್ತಿದ್ದರು. ಮನೆಯಲ್ಲಿ ಸೋರುವ ನಲ್ಲಿಯೊಂದಿದೆ, ಮೊದಲು ಅದನ್ನು ಪೂರ್ತಿ ಮಾಡಿ ಎಂದು ನಾನು ಅನ್ನುತ್ತಿದ್ದೆ. ಇವರ ಮನಸ್ಸಿನಲ್ಲಿ ಅದು ಅಷ್ಟು ಆಳಕ್ಕೆ ಇಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನಮ್ಮ ಡ್ರೈವ್‌ವೇಗೆ ಒಂದು ಲಾರಿ ಬಂದು ಪೆಟ್ಟಿಗೆಗಳನ್ನೂ ಕಬ್ಬಿಣದ ಕೊಳವೆಗಳ ಒಂದು ಚೌಕಟ್ಟನ್ನೂ ಇಳಿಸಿ ಹೋಯಿತು. ಅದು ಸ್ಪೋರ್ಟ್ಸ್ ಕಾರಿನ ಕಿಟ್. ಎರಡು ಸೀಟಿನ, ಮೇಲೆ ಸೂರಿಲ್ಲದ, ಕೂತರೆ ನೆಲ ಕೈಗೆ ಸಿಗುವಷ್ಟು ತಗ್ಗಿನ ಕಾರು. ಪುಸ್ತಕ ನೋಡಿಕೊಂಡು ಮನೆಯಲ್ಲೇ ಜೋಡಿಸಿಕೊಳ್ಳಬೇಕು. ನಮ್ಮ ಗರಾಜಿನಲ್ಲಿದ್ದ ಅಕ್ಕಿಮೂಟೆಗಳು, ಎರಡನೇ ಫ್ರಿಜ್, ಗೊಂಬೆಹಬ್ಬದ ಮೆಟ್ಟಿಲು ಎಲ್ಲ ಒಂದು ಮೂಲೆಗೆ ಸೇರಿದವು. ಮಿಕ್ಕ ಜಾಗದ ತುಂಬ ಆ ಅಸ್ಥಿಪಂಜರ. ನಮ್ಮ ಮಗಳಿಗೆ ಇಪ್ಪತ್ನಾಲ್ಕು ವರ್ಷ, ನಮ್ಮ ಜೊತೆಯಲ್ಲೇ ಇದ್ದು ಕೆಲಸಕ್ಕೆ ಹೋಗಿಬರುತ್ತಾಳೆ. ಅವಳು ಅದನ್ನು ನೋಡಿದ್ದೇ ತಡ, ಮುಂದಿನ ವರ್ಷ ಜೂನ್‌ನಲ್ಲಿ ಆಬರ್ನ್ ಹಿಲ್ಸ್‌ನ ಪಾರ್ಕಿನಲ್ಲಿ ಸೇರುವ ಅಪ್ಪನ ಹಳೆಯ ಸಹೋದ್ಯೋಗಿಗಳ ಪಿಕ್‌ನಿಕ್ಕಿಗೆ ಇದರಲ್ಲೇ ಹೋಗುವುದೆಂದು ಘೋಷಿಸಿದಳು. ಅಲ್ಲಿಗೆ ಮುನ್ನೂರು ಮೈಲಿ. ಸೀಟು ಎರಡೇ ಆದ್ದರಿಂದ ನನ್ನನ್ನು ಯಾರೂ ಕೇಳಲಿಲ್ಲ.

ಬೋಲ್ಟುಗಳ ರಾಶಿ ನೋಡಿದಾಗ ನನಗೇ ಗಾಬರಿಯಾಯಿತು. ಕಾರ್ಖಾನೆಯಲ್ಲಾದರೆ ಒಬ್ಬರು ಬಿಗಿದದ್ದನ್ನು ಇನ್ನೊಬ್ಬರು ನೋಡುತ್ತಾರೆ. ಇಲ್ಲಿ ಇವರೊಬ್ಬರೇ, ಅದೂ ಆಫೀಸ್ ಮುಗಿಸಿ ಬಂದು, ಒಂದು ಗಂಟೆ ಇಂದು, ಎರಡು ಗಂಟೆ ನಾಡಿದ್ದು. ಎಲ್ಲಿ ನಿಲ್ಲಿಸಿದೆ ಎಂದು ಯಾರಿಗೆ ನೆನಪಿರುತ್ತದೆ? ಅದಕ್ಕೆ ನಾನೇ ಒಂದು ಕೆಂಪು ಪೇಂಟಿನ ಪೆನ್ನು ತಂದುಕೊಟ್ಟೆ. ಕಟಕ್ ಅಂದ ಮೇಲೆ ಗೆರೆ, ಅದಕ್ಕೂ ಮುಂಚೆ ಇಲ್ಲ. ಮತ್ತೆ ಕೆಲಸ ಶುರು ಮಾಡುವಾಗ ಗೆರೆ ಇಲ್ಲದ ಮೊದಲನೇ ಬೋಲ್ಟಿನಿಂದ ಶುರು. ಗೆರೆ ಇದ್ದದ್ದನ್ನು ಮುಟ್ಟುವ ಹಾಗಿಲ್ಲ. ಇವರು ಶಾಲೆಯ ಹುಡುಗನ ಹಾಗೆ ಅದನ್ನು ಚಾಚೂ ತಪ್ಪದೆ ಪಾಲಿಸಿದರು.

ಆಯುಧಪೂಜೆಯ ಹೊತ್ತಿಗೆ ಎಂಜಿನ್ ಕೂತಿತ್ತು, ಬ್ರೇಕು ಕೂತಿತ್ತು, ಸ್ಟಿಯರಿಂಗ್ ಕಡ್ಡಿ ಅರ್ಧ ಜೋಡಣೆಯಾಗಿತ್ತು. ಚಕ್ರಗಳಿಲ್ಲದ ಕಾರು ನಾಲ್ಕು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಪೂಜೆ ಶನಿವಾರ ಇಟ್ಟುಕೊಂಡೆವು. ಇಲ್ಲಿಯ ಸೂರ್ಯೋದಯಕ್ಕೆ ಲೆಕ್ಕ ಹಾಕಿದರೆ ಹತ್ತರ ಸುಮಾರಿಗೆ ರಾಹುಕಾಲ. ಒಂಬತ್ತೂಕಾಲಾದರೂ ಇವರು ಗರಾಜಿನಲ್ಲಿ ಬೋಲ್ಟು ಹಿಡಿದು ಕೂತಿದ್ದರು.

“ಏಳ್ರೀ, ಸ್ನಾನ ಆಗ್ಬೇಕು. ಹತ್ತಕ್ಕೆ ರಾಹುಕಾಲ ಬಂದ್ಬಿಡತ್ತೆ.”

“ಸ್ಟಿಯರಿಂಗ್‌ದು ಇದೊಂದು ಬಿಗಿದು ಬರ್ತೀನಿ ಕಣೇ. ಐದೇ ನಿಮಿಷ.”

“ನಿಮ್ಮ ಐದು ನಿಮಿಷ ನಂಗೊತ್ತು. ಅದೇನೂ ಎದ್ದು ಓಡಿಹೋಗಲ್ಲ, ನೀವು ಏಳಿ.”

ಇವರು ಆ ನಟ್ಟನ್ನು ಬೆರಳಿನಲ್ಲೇ ತಿರುಗಿಸಿ, ವ್ರೆಂಚನ್ನು ಪಕ್ಕಕ್ಕಿಟ್ಟು ಎದ್ದರು. ಸ್ಟಿಯರಿಂಗ್ ಚಕ್ರದಿಂದ ಬರುವ ಕಡ್ಡಿಯೂ ಮುಂದಿನ ಗಾಲಿಗಳನ್ನು ತಿರುಗಿಸುವ ಕಡ್ಡಿಯೂ ಒಂದಕ್ಕೊಂದು ಸೇರುವ ಜಾಗದ ಬೋಲ್ಟು ಅದು. ಅದೊಂದು ಕಳಚಿಬಿದ್ದರೆ ಕೈಯಲ್ಲಿರುವ ಚಕ್ರ ಆಟಿಕೆಯ ಚಕ್ರವಾಗುತ್ತದೆ.

ವ್ರೆಂಚು, ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲವನ್ನೂ ತೊಳೆದು ಹೊಸ ಬಟ್ಟೆಯ ಮೇಲೆ ಜೋಡಿಸಿಟ್ಟೆವು. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನ ವಿಸರ್ಜನೆಯಾಗುವವರೆಗೆ ಮುಟ್ಟುವಂತಿಲ್ಲ. ನಮ್ಮಪ್ಪನ ಮನೆಯಲ್ಲಿ ಆ ದಿನ ತರಕಾರಿಯನ್ನು ಬೆಳಿಗ್ಗೆಯೇ ಹೆಚ್ಚಿಟ್ಟು ಈಳಿಗೆಮಣೆಯನ್ನೂ ಪೂಜೆಗೆ ಕೂರಿಸುತ್ತಿದ್ದರು. ನಾನೂ ಹಾಗೇ. ಸ್ನಾನ ಮಾಡಿ ಬಂದ ಇವರು ವ್ರೆಂಚಿನ ಮೇಲೆ ಹೂವಿದ್ದುದನ್ನು ಕಂಡು ಬೋಲ್ಟಿನ ಯೋಚನೆ ಬಿಟ್ಟರು.

ಇನ್ನು ಕಾರಿಗೆ ಅರಿಶಿನ ಕುಂಕುಮ. “ಪುಡಿ ಎರಚಬೇಡ ಮಾರಾಯ್ತಿ, ಬೇರಿಂಗ್ ಒಳಗೆ ಹೋದ್ರೆ ಕಷ್ಟ,” ಎಂದರು. ಅರಿಶಿನವಿಲ್ಲದೆ ಬರೀ ಕುಂಕುಮ ಇಡುವುದು ನನ್ನ ಮನಸ್ಸಿಗೆ ಕಸಿವಿಸಿಯಾಯಿತು, ಆದರೂ ಇಂಡಿಯನ್ ಸ್ಟೋರಿನಿಂದ ತಂದ ಕಡ್ಡಿಕುಂಕುಮದ ಸೀಸೆ ತಂದೆ. ಹಣೆಗೆ ಇಟ್ಟುಕೊಳ್ಳುವ, ಒದ್ದೆಯಾದ ಕೆಂಪು ಕುಂಕುಮ. ಮುಚ್ಚಳಕ್ಕೇ ಕಡ್ಡಿ ಅಂಟಿಕೊಂಡಿರುತ್ತದೆ, ಒಣಗಿದರೆ ಬಣ್ಣದ ಹಾಗೆ ಹಿಡಿದುಕೊಳ್ಳುತ್ತದೆ.

ಮಗಳು ಫೋನಿನಲ್ಲಿ ವಿಡಿಯೊ ತೆಗೆಯುತ್ತ ಒಂದೊಂದೇ ಹೇಳುತ್ತಿದ್ದಳು. “ಎಂಜಿನ್. ಬ್ರೇಕ್ಸ್. ಸ್ಟಿಯರಿಂಗ್ ಟೂ, ಅಮ್ಮ.” ನಾನು ಬಗ್ಗಿ ಬಗ್ಗಿ ಇಡುತ್ತ ಹೋದೆ. ಬಾಯಲ್ಲಿ ಲಲಿತಾಸಹಸ್ರನಾಮ, ಮನಸ್ಸಿನಲ್ಲಿ ರಾಹುಕಾಲಕ್ಕೆ ಎಷ್ಟು ನಿಮಿಷ ಉಳಿಯಿತೆಂಬ ಲೆಕ್ಕ. ಕೈಯನ್ನು ಅದರ ಪಾಡಿಗೆ ಬಿಟ್ಟಿದ್ದೆ. ವರ್ಷಗಟ್ಟಲೆ ಕೆಂಪು ಬಣ್ಣವನ್ನು ಕಬ್ಬಿಣದ ಮೇಲೆ ಒಂದೇ ರೀತಿ ಇಟ್ಟು ಕಲಿತ ಕೈ ಅದು. ಬೊಟ್ಟು ಇಡಲಿಲ್ಲ, ಗೆರೆ ಎಳೆಯಿತು. ಅಕ್ಕಿಕಾಳಿನಷ್ಟು ದಪ್ಪ, ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ, ನೇರ.

ಆಮೇಲೆ ಕುಂಬಳಕಾಯಿ ಒಡೆದೆವು. ಬೂದುಗುಂಬಳ ಸಿಗಲಿಲ್ಲ, ಹ್ಯಾಲೊವೀನ್ ಎಂಬ ಇಲ್ಲಿಯ ಭೂತದ ಹಬ್ಬಕ್ಕೆ ಅಂಗಡಿಯಲ್ಲಿಟ್ಟ ಕಿತ್ತಳೆ ಬಣ್ಣದ್ದೇ. ಒಳಗೆ ತುಂಬಿದ್ದ ಕುಂಕುಮದ ನೀರು ಡ್ರೈವ್‌ವೇ ತುಂಬ ಹರಿಯಿತು. ನಾಯಿಯ ಜೊತೆ ವಾಕಿಂಗ್ ಹೊರಟಿದ್ದ ಪಕ್ಕದ ಮನೆಯಾಕೆ ನಿಂತು ನೋಡಿ, ಈ ವರ್ಷ ನಿಮ್ಮ ಮನೆಯ ಅಲಂಕಾರ ನಿಜಕ್ಕೂ ಹೆದರಿಸುವ ಹಾಗಿದೆ ಎಂದು ಮೆಚ್ಚಿಕೊಂಡು ಹೋದಳು. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮರುದಿನ ವಿಸರ್ಜನೆ ಮಾಡಿದೆ, ಆದರೆ ಇವರು ಅಂದೇ ಆಫೀಸಿನ ಕೆಲಸಕ್ಕೆ ಊರು ಬಿಟ್ಟು ಹೋಗಬೇಕಾಯಿತು. ಬಂದದ್ದು ಎರಡು ವಾರದ ಮೇಲೆ. ಗರಾಜಿಗೆ ಇಳಿದು, ನಾನು ಹೇಳಿಕೊಟ್ಟ ಹಾಗೆಯೇ ಗೆರೆ ಇಲ್ಲದ ಮೊದಲನೇ ಬೋಲ್ಟನ್ನು ಹುಡುಕಿ ಅಲ್ಲಿಂದ ಮುಂದುವರಿಸಿದರು. ಕುಂಕುಮ ಇಟ್ಟವಳಿಗೆ ಅದು ನೆನಪಾಗಲಿಲ್ಲ, ಇಡಿಸಿಕೊಂಡವರಿಗೆ ಅನುಮಾನ ಬರಲಿಲ್ಲ.

ಚಳಿಗಾಲ ಬಂತು. ಹೊರಗೆ ಸೊನ್ನೆ ಡಿಗ್ರಿ ಇದ್ದಾಗಲೂ ಇವರು ಒಂದು ಸಣ್ಣ ಹೀಟರ್ ಇಟ್ಟುಕೊಂಡು ಕೆಲಸ ಮಾಡಿದರು. ಅಸ್ಥಿಪಂಜರದ ಮೇಲೆ ಕಡುಹಸಿರು ಫೈಬರ್‌ಗ್ಲಾಸ್ ಮೈ ಕೂತಿತು, ಸೀಟು ಕೂತವು, ಒಳಗಿನ ಬೋಲ್ಟುಗಳೆಲ್ಲ ಒಂದೊಂದಾಗಿ ಕಣ್ಣಿಗೆ ಮರೆಯಾದವು. ಮಾರ್ಚ್ ಕೊನೆಗೆ ಮೊದಲ ಸಲ ಕಾರು ತನ್ನ ಕಾಲ ಮೇಲೆ ಹೊರಗೆ ಬಂತು. ಇವರ ಮುಖ ನೋಡಿದರೆ ಮಗಳು ಹುಟ್ಟಿದ ದಿನ ನೆನಪಾಗುವ ಹಾಗಿತ್ತು. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ನಂಬರ್ ಪ್ಲೇಟ್ ಬಂದ ಮೇಲೆ ನಮ್ಮ ಬಡಾವಣೆಯ ಒಳಗೆ ದಿನಾ ಸಾಯಂಕಾಲ ಸುತ್ತು ಹೊಡೆಯುತ್ತಿದ್ದರು, ಇಪ್ಪತ್ತೈದು ಮೈಲಿ ಸ್ಪೀಡಿನಲ್ಲಿ.

ಮೇ ತಿಂಗಳಲ್ಲಿ ಒಂದು ದಿನ ಊಟಕ್ಕೆ ಕೂತಾಗ ಇವರು ಸ್ಟಿಯರಿಂಗ್‌ನಲ್ಲಿ ಏನೋ ಟಿಕ್ ಅನ್ನುತ್ತೆ ಎಂದರು. ಎಡಕ್ಕೆ ತಿರುಗಿಸುವಾಗ ಒಂದು ಸಲ. ಬೆರಳಿಗೆ ಗೊತ್ತಾಗುತ್ತೆ, ಕಿವಿಗೆ ಇಲ್ಲ.

“ಗೆರೆ ನೋಡಿದ್ರಾ?”

“ನೋಡಿದೆ, ಇದೆ. ನೀನೂ ಒಂದ್ಸಲ ನೋಡು. ನಿನ್ನ ಕಣ್ಣು ನನಗಿಂತ ವಾಸಿ.”

ಊಟ ಮುಗಿಸಿ ಟಾರ್ಚ್ ಹಿಡಿದು ಹೋದೆ. ಬಾನೆಟ್ ಎತ್ತಿ, ಎಂಜಿನ್ನಿನ ಎಡಗಡೆ ಬೆಳಕು ಬಿಟ್ಟೆ. ಕಡ್ಡಿಗಳು ಸೇರುವ ಕಡೆ ಕೆಂಪು ಗೆರೆ ಸ್ಪಷ್ಟವಾಗಿತ್ತು, ಎಲ್ಲಿಯೂ ಮುರಿದಿರಲಿಲ್ಲ. ಎಷ್ಟು ನೀಟಾಗಿದೆ ಎಂದೂ ಅನ್ನಿಸಿತು. ಇವರ ಕೈ ನಡುಗುತ್ತದೆ, ಇವರ ಗೆರೆಗಳು ಸೊಟ್ಟ. ಆ ಒಂದು ಗೆರೆ ಮಾತ್ರ ನೇರವಾಗಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಬಿದ್ದರೂ ಇವರ ಕೈ ಪಳಗಿತು ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ.

“ಕೂಡಿಕೊಂಡಿದೆ ಕಣ್ರೀ. ಅದಲ್ಲ, ಬೇರೇನೋ ಇರ್ಬೇಕು,” ಎಂದೆ. ಕಾರ್ಖಾನೆಯಲ್ಲಿ ನಾನು ಸರಿ ಎಂದದ್ದನ್ನು ಯಾರೂ ಮತ್ತೆ ನೋಡುವುದಿಲ್ಲ. ಮನೆಯಲ್ಲೂ ಹಾಗೇ ಆಯಿತು.

ಜೂನ್‌ನ ಆ ಶನಿವಾರ ಬೆಳಿಗ್ಗೆ ಆರಕ್ಕೆ ಅಪ್ಪ ಮಗಳು ಹೊರಟರು. ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟೆ. ಮೂರು ಒಡೆದವು. ಎಡಗಡೆಯ ಮುಂದಿನದು ಜಾರಿ, ಹುಲ್ಲಿನ ಮೇಲೆ ಉರುಳಿಹೋಗಿ, ಇಡೀ ಹಣ್ಣಾಗಿಯೇ ಉಳಿಯಿತು. ಶಕುನ ನಂಬುವವಳಲ್ಲ ನಾನು, ಆದರೆ ಅದನ್ನು ಮತ್ತೆ ತಂದಿಡುವಷ್ಟರಲ್ಲಿ ಅವರು ಕೈಬೀಸಿ ತಿರುವು ದಾಟಿದ್ದರು. ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಮನೆ ಗುಡಿಸಿ, ತಲೆಗೆ ಸ್ನಾನ ಮಾಡಿ, ಒಂಬತ್ತರ ಹೊತ್ತಿಗೆ ದೇವರ ಮುಂದೆ ಕೂತೆ. ನಮ್ಮತ್ತೆ ಕೊಟ್ಟ ಹಿತ್ತಾಳೆಯ ದೀಪದ ಕಂಬಗಳಿವೆ. ಬುಡ ಬೇರೆ, ಕಂಬ ಬೇರೆ, ತಿರುಪಿನಿಂದ ಕೂಡಿಸುವಂಥವು. ಹುಣಸೆಹಣ್ಣಿನಲ್ಲಿ ತೊಳೆದು, ಕೂಡಿಸಿ, ಕುಂಕುಮ ಇಡಲು ಹೋದೆ. ಪುಡಿಕುಂಕುಮದ ಭರಣಿ ಖಾಲಿಯಾಗಿತ್ತು. ಕಡ್ಡಿಕುಂಕುಮದ ಸೀಸೆ ತೆಗೆದುಕೊಂಡು ಮೊದಲ ದೀಪಕ್ಕೆ ಇಟ್ಟೆ. ಬತ್ತಿ ಹಾಕುವಾಗ ದೀಪ ಸ್ವಲ್ಪ ವಾಲಿತು. ತಿರುಪು ಸರಿಯಾಗಿ ಕೂತಿರಲಿಲ್ಲ, ಕಂಬ ಬುಡದ ಮೇಲೆ ಲೊಡಲೊಡ ಅನ್ನುತ್ತಿತ್ತು.

ಆಗ ಕಂಡದ್ದು. ಕಂಬ ಮತ್ತು ಬುಡ ಸೇರುವ ಕಡೆ, ಎರಡನ್ನೂ ಹಾಯ್ದು, ಒಂದು ಕೆಂಪು ಗೆರೆ. ನೇರ. ಈಗಷ್ಟೇ ನನ್ನ ಕೈಯೇ ಎಳೆದದ್ದು. ದೀಪ ಅಲ್ಲಾಡುತ್ತಿತ್ತು, ಗೆರೆ ಕೂಡಿಕೊಂಡೇ ಇತ್ತು.

ನನಗೆ ಎಲ್ಲವೂ ಒಟ್ಟಿಗೆ ನೆನಪಾಯಿತು. ಐದೇ ನಿಮಿಷ ಎಂದದ್ದು, ನಾನು ಎಬ್ಬಿಸಿದ್ದು, ಇವರು ಬೆರಳಿನಲ್ಲಿ ತಿರುಗಿಸಿ ಎದ್ದದ್ದು, ವ್ರೆಂಚಿನ ಮೇಲಿನ ಹೂವು, ಟಾರ್ಚ್ ಬೆಳಕಿನಲ್ಲಿ ಕಂಡ ಆ ನೀಟಾದ ಗೆರೆ. ದೇವರಿಗೆ ಕೈಮುಗಿಯಲೂ ತೋಚದೆ ಫೋನಿಗೆ ಓಡಿದೆ.

ಇವರ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮಗಳದೂ ಅಷ್ಟೇ. ಸೂರಿಲ್ಲದ ಕಾರಿನಲ್ಲಿ, ಎಪ್ಪತ್ತು ಮೈಲಿ ಸ್ಪೀಡಿನ ಗಾಳಿಯಲ್ಲಿ ಯಾರಿಗೆ ಕೇಳಬೇಕು. ‘ಗಾಡಿ ನಿಲ್ಲಿಸಿ’ ಎಂದು ಮೆಸೇಜು ಹಾಕಿದೆ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಬರೀ ದೊಡ್ಡಕ್ಷರಗಳಲ್ಲಿ. ಯಾರೂ ಓದಲಿಲ್ಲ. ಮಗಳ ಫೋನು ಎಲ್ಲಿದೆಯೆಂದು ನನ್ನ ಫೋನಿನ ಮ್ಯಾಪಿನಲ್ಲಿ ಕಾಣುತ್ತದೆ. ತೆಗೆದು ನೋಡಿದೆ. ಒಂದು ನೀಲಿ ಚುಕ್ಕಿ ಅರ್ಧ ದಾರಿಯ ಕಲಮಜೂ ಊರು ದಾಟಿ ಪೂರ್ವಕ್ಕೆ ಹೋಗುತ್ತಿತ್ತು. ಅಲ್ಲೊಂದು ಕಡೆ ರಸ್ತೆ ಎಡಕ್ಕೆ ಬಾಗುತ್ತದೆ. ಚುಕ್ಕಿ ಆ ಬಾಗಿನತ್ತ ಹೋಗುವುದನ್ನು ಕಣ್ಣು ಕೀಳದೆ ನೋಡಿದೆ. ಎಡಕ್ಕೆ ತಿರುಗಿಸುವಾಗ ಒಂದು ಸಲ ಟಿಕ್ ಅನ್ನುತ್ತೆ ಎಂದಿದ್ದರು. ಬಾಗು ದಾಟಿತು. ಮತ್ತೆ ಫೋನ್ ಮಾಡಿದೆ. ಮತ್ತೆ ಯಾರೂ ಎತ್ತಲಿಲ್ಲ.

ನಿಮಿಷ ಎಷ್ಟು ಉದ್ದ ಎಂಬುದು ನನಗೆ ಆ ದಿನ ಗೊತ್ತಾಯಿತು. ಪೊಲೀಸರಿಗೆ ಫೋನ್ ಮಾಡೋಣವೆಂದು ಹೊರಟು, ಏನು ಹೇಳುವುದೆಂದು ನಿಂತೆ. ಹಸಿರು ಕಾರಿಗೆ ಕುಂಕುಮ ಇಟ್ಟಿದ್ದೇನೆ, ನಿಲ್ಲಿಸಿ ಎನ್ನಲೇ? ಕೊನೆಗೆ ಅದನ್ನೇ ಹೇಳುತ್ತೇನೆ ಎಂದು ನಂಬರ್ ಒತ್ತುವಷ್ಟರಲ್ಲಿ ಮ್ಯಾಪಿನ ಕಡೆ ಕಣ್ಣು ಹೋಯಿತು. ಚುಕ್ಕಿ ನಿಂತಿತ್ತು. ಎಕ್ಸಿಟ್ ಹತ್ತಿರ ಅಲ್ಲ, ಪೆಟ್ರೋಲ್ ಬಂಕಿನ ಹತ್ತಿರ ಅಲ್ಲ. ಹೆದ್ದಾರಿಯ ಮೇಲೆಯೇ, ಏನೂ ಇಲ್ಲದ ಕಡೆ.

ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಚುಕ್ಕಿಯನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಅಲುಗಲಿಲ್ಲ. ಆ ಹೊತ್ತಿನಲ್ಲಿ ನಾನು ದೇವರ ಹತ್ತಿರ ಏನೇನು ಬೇಡಿಕೊಂಡೆ, ಇಬ್ಬರಲ್ಲಿ ಯಾರ ಹೆಸರು ಮೊದಲು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲಾರೆ. ಆಗ ಫೋನು ಬಡಿದುಕೊಂಡಿತು.

“ಅಮ್ಮ? ವೈ ಸೋ ಮೆನಿ ಕಾಲ್ಸ್? ವಿ ಆರ್ ಫೈನ್. ಮಳೆ ಬಂತು, ಬ್ರಿಡ್ಜ್ ಕೆಳಗೆ ನಿಂತಿದೀವಿ.”

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಈಗಲೂ ಗೊತ್ತಿಲ್ಲ.

“ಅಪ್ಪನಿಗೆ ಎಂಜಿನ್ ಆಫ್ ಮಾಡಕ್ಕೆ ಹೇಳು. ಕೀ ನೀನು ಇಸ್ಕೋ. ಬಾನೆಟ್ ಎತ್ತಿ, ಸ್ಟಿಯರಿಂಗ್ ಕಡ್ಡಿ ಸೇರೋ ಕಡೆ ಕೆಂಪು ಗೆರೆ ಇದೆ ನೋಡು. ಬೆರಳು ಒದ್ದೆ ಮಾಡ್ಕೊಂಡು ಅದನ್ನ ಒರೆಸು.”

ಪೇಂಟಾದರೆ ಹೋಗುವುದಿಲ್ಲ. ಕುಂಕುಮವಾದರೆ ಹೋಗುತ್ತದೆ. ಅಷ್ಟನ್ನು ಅವಳಿಗೆ ಬಿಡಿಸಿ ಹೇಳಿದೆ. ಹುಟ್ಟಿದ್ದು ಮಿಶಿಗನ್ನಿನಲ್ಲೇ ಆದರೂ ಕುಂಕುಮ ಒರೆಸುವುದೆಂದರೆ ಏನೆಂದು ಅವಳಿಗೆ ಗೊತ್ತು.

“ಆರ್ ಯು ಶೂರ್, ಅಮ್ಮ?”

“ಒರೆಸು ಅಂದೆನಲ್ಲ.”

ಗಂಡನಿರುವ ಹೆಂಗಸು ತನ್ನ ಬಾಯಿಂದ ಆಡಬಾರದ ಮಾತು ಅದು. ನಮ್ಮಮ್ಮ ಕೇಳಿಸಿಕೊಂಡಿದ್ದರೆ ನನ್ನ ಬಾಯಿಗೆ ಹೊಡೆಯುತ್ತಿದ್ದಳು. ಫೋನಿನಲ್ಲಿ ಮಳೆಯ ಸದ್ದು, ಲಾರಿಗಳು ಹಾದುಹೋಗುವ ಸದ್ದು ಕೇಳುತ್ತಿತ್ತು.

“ಇಟ್ ಕೇಮ್ ಆಫ್,” ಎಂದಳು. “ಪೂರ್ತಿ ಹೋಯ್ತು.”

ಆಮೇಲೆ ಇವರ ದನಿ ಹತ್ತಿರ ಬಂತು. ನಟ್ಟನ್ನು ಹಿಡಿದು ನೋಡುತ್ತಿದ್ದರು. “ಬೆರಳಲ್ಲೇ ತಿರುಗ್ತಿದೆ ಕಣೇ,” ಎಂದರು. ಅಷ್ಟು ಮೆಲ್ಲಗೆ ಇವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ವ್ರೆಂಚ್ ಜೊತೆಯಲ್ಲೇ ಇತ್ತು. ಅಲ್ಲೇ ಬಿಗಿದರು, ಕಟಕ್ ಅಂದದ್ದನ್ನು ಫೋನಿನಲ್ಲಿ ನನಗೂ ಕೇಳಿಸಿದರು. ಕಣ್ಣಿಗೆ ಕಂಡ ಮಿಕ್ಕ ಗೆರೆಗಳನ್ನೆಲ್ಲ ಒರೆಸಿ ನೋಡಿದರು, ಹೋದವಕ್ಕೂ ವ್ರೆಂಚ್ ಹಾಕಿದರು. ಆಬರ್ನ್ ಹಿಲ್ಸ್ ಇನ್ನು ಎರಡು ಗಂಟೆಯ ದಾರಿ. ಹೋಗಬಹುದಿತ್ತು. “ವಾಪಸ್ ಬರ್ತೀವಿ,” ಎಂದರು. ಅಲ್ಲಿ ಹಳೆಯ ಸ್ನೇಹಿತರು ಇವರ ಕಾರಿಗೆಂದು ಮರದ ನೆರಳಿನಲ್ಲಿ ಜಾಗ ಹಿಡಿದಿಟ್ಟಿದ್ದರೆಂದು ಆಮೇಲೆ ಗೊತ್ತಾಯಿತು. ಹೆದ್ದಾರಿ ಬಿಟ್ಟು, ಹಳ್ಳಿಗಳ ನಡುವಿನ ಸಣ್ಣ ರಸ್ತೆ ಹಿಡಿದು, ನಿಧಾನವಾಗಿ ಬಂದು ಮುಟ್ಟಿದಾಗ ಸಾಯಂಕಾಲ ಐದು. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು.

ಇವರು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು. ಒಂದು ಒದ್ದೆ ಬಟ್ಟೆ ತಂದು ನನ್ನ ಕೈಗೆ ಕೊಟ್ಟು, “ಎಲ್ಲೆಲ್ಲಿ ಇಟ್ಟೆ, ನೀನೇ ಒರೆಸು,” ಎಂದರು. ನನಗೆ ನೆನಪಿರಲಿಲ್ಲ. ಮಗಳು ತನ್ನ ಫೋನಿನಲ್ಲಿದ್ದ ಆಯುಧಪೂಜೆಯ ವಿಡಿಯೊ ಹಾಕಿದಳು. ಗರಾಜಿನ ನೆಲದ ಮೇಲೆ ಮೂವರೂ ಕೂತು ನೋಡಿದೆವು. ಜರಿಯಂಚಿನ ಸೀರೆಯ, ಹಸಿರು ಬಳೆಯ ಒಂದು ಕೈ, ಬಾಯಿಂದ ಬರುವ ಸಹಸ್ರನಾಮಕ್ಕೂ ತನಗೂ ಸಂಬಂಧವೇ ಇಲ್ಲದ ಹಾಗೆ, ಒಂದು ಬೋಲ್ಟಿನಿಂದ ಇನ್ನೊಂದಕ್ಕೆ ಹೋಗಿ ಗೆರೆ ಎಳೆಯುತ್ತಿತ್ತು. ಒಂದು ಸಲವೂ ತಡೆಯಲಿಲ್ಲ. ವಿಡಿಯೊ ಮುಗಿಯುವ ಮುಂಚೆ ಆ ಕೈ ಚೌಕಟ್ಟಿನ ಹಿಂದುಗಡೆಗೆ, ಸೀಟ್ ಬೆಲ್ಟುಗಳನ್ನು ಬಿಗಿಯುವ ಎರಡು ಬೋಲ್ಟುಗಳ ಕಡೆಗೆ ಹೋಯಿತು.

ಸೀಟು ಬಿಚ್ಚಿದೆವು. ಇವರ ಬದಿಯ ಗೆರೆಯನ್ನು ಒರೆಸಿದೆ, ಕುಂಕುಮ ಹೋಯಿತು, ಅದರ ಕೆಳಗೆ ಇವರದೇ ಸೊಟ್ಟ ಗೆರೆಯ ಪೇಂಟಿತ್ತು. ಮಗಳ ಬದಿಯದನ್ನು ಒರೆಸಿದೆ. ಕೆಳಗೆ ಬರೀ ಕಬ್ಬಿಣ. ಇವರು ಎರಡು ಬೆರಳಿನಿಂದ ಹಿಡಿದು ತಿರುಗಿಸಿದರು, ನಟ್ಟು ಹೊರಗೆ ಬಂತು. ಅದನ್ನು ನನ್ನ ಅಂಗೈ ಮೇಲಿಟ್ಟರು. ಮಗಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ಬಹಳ ಹೊತ್ತು ಸ್ನಾನ ಮಾಡಿದಳು.

ಕಾರಿನ ಹಸಿರು ಮೈ ಈಗ ಗೋಡೆಗೆ ಒರಗಿಕೊಂಡಿದೆ. ಇವರು ಇಡೀ ಚೌಕಟ್ಟನ್ನು ಬಿಚ್ಚಿ ಮೊದಲನೇ ಬೋಲ್ಟಿನಿಂದ ಮತ್ತೆ ಬಿಗಿಯುತ್ತಿದ್ದಾರೆ. ಪ್ರತಿ ಸಲ ನನ್ನನ್ನು ಕರೆದು ಕಟಕ್ ಕೇಳಿಸುತ್ತಾರೆ, ಪೆನ್ನು ಚಾಚುತ್ತಾರೆ. ನಾನು ತೆಗೆದುಕೊಳ್ಳುವುದಿಲ್ಲ. ಇವರೇ ಸೊಟ್ಟಗೆ ಎಳೆಯುತ್ತಾರೆ. ಮನೆಯ ಕಾರು ಇವತ್ತಲ್ಲ ನಾಳೆ ಸರಿಯಾಗುತ್ತದೆ, ಅದಕ್ಕೆ ವಿಡಿಯೊ ಇದೆ.

ಆ ಸೋಮವಾರ ಕಾರ್ಖಾನೆಗೆ ಹೋಗಿ ಪೆನ್ನಿನ ಮುಚ್ಚಳ ತೆಗೆದಾಗ ನನಗೆ ಹೊಳೆದದ್ದು ಇಷ್ಟೇ. ಹನ್ನೊಂದು ವರ್ಷ. ಹುಳಿಗೆ ಯಾವ ತರಕಾರಿ ಎಂದು ಯೋಚಿಸುತ್ತ ಕಳೆದ ಮಧ್ಯಾಹ್ನಗಳು. ಕಟಕ್ ಕೇಳಿದ ಮೇಲೆ ಎಳೆದ ಗೆರೆಗಳೆಷ್ಟು, ಕೈ ತಾನಾಗಿ ಎಳೆದುಬಿಟ್ಟ ಗೆರೆಗಳೆಷ್ಟು? ಅವಕ್ಕೆ ವಿಡಿಯೊ ಇಲ್ಲ. ಅವು ಕುಂಕುಮವೂ ಅಲ್ಲ, ಒದ್ದೆ ಬೆರಳಿಗೆ ಹೋಗುವುದಿಲ್ಲ. ಮೇಲಿನವರಿಗೆ ಎಲ್ಲ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡರು. ನಿಮ್ಮ ಗೆರೆ ಎಂದೂ ತಪ್ಪಿಲ್ಲ, ಎರಡು ದಿನ ರಜೆ ತೆಗೆದುಕೊಳ್ಳಿ ಎಂದರು.

ಮಗಳು ದಿನಾ ಬೆಳಿಗ್ಗೆ ತನ್ನ ಹಳೆಯ ಕಾರಿನಲ್ಲಿ ಐ-88 ಹೆದ್ದಾರಿ ಹಿಡಿದು, ನನ್ನ ಗೆರೆ ಹೊತ್ತ ಆ ಲಾರಿಗಳ ನಡುವೆಯೇ ಕೆಲಸಕ್ಕೆ ಹೋಗುತ್ತಾಳೆ. ಹಿಂದೆಂದೂ ಇಲ್ಲದ ಅಭ್ಯಾಸ ಒಂದು ಈಗ ಬಂದಿದೆ. ಹೊರಡುವ ಮುಂಚೆ ನನ್ನ ಎದುರು ನಿಂತು, ಕೂದಲನ್ನು ಹಿಂದಕ್ಕೆ ಒತ್ತಿಕೊಂಡು, “ಇಡಮ್ಮ,” ಎಂದು ಹಣೆ ಒಡ್ಡುತ್ತಾಳೆ. ನಾನು ಪುಡಿಕುಂಕುಮವನ್ನು ಬೆರಳಿಗೆ ತೆಗೆದುಕೊಳ್ಳುತ್ತೇನೆ. ಕೈಯನ್ನು ಎಡಗೈಯಿಂದ ಹಿಡಿದುಕೊಂಡು, ಕಣ್ಣಿಟ್ಟು ನೋಡುತ್ತ, ದುಂಡಗೆ ಒಂದು ಬೊಟ್ಟು ಇಡುತ್ತೇನೆ.